ಖಾಲಿ ಗಾಡಿ ಯಾಕೆ ನಡುಗುತ್ತಿತ್ತು

ಉಳ್ಳಾಗಡ್ಡಿ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗುವಾಗ ನನ್ನ ಪಿಕಪ್ ಹೆಚ್ಚು ತಕರಾರು ಮಾಡುತ್ತಿರಲಿಲ್ಲ. ಚೀಲ ಇಳಿಸಿ ಖಾಲಿ ಗಾಡಿ ತಿರುಗಿಸಿಕೊಂಡು ಗದಗ ರಸ್ತೆ ಹಿಡಿದರೆ ಸಾಕು, ಕಾಲಡಿಯ ತಗಡು ಗುಂಯ್ ಎನ್ನುತ್ತಿತ್ತು. 55ಕ್ಕೆ ಶುರು, 60ಕ್ಕೆ ಜೋರು, 75 ದಾಟಿದರೆ ಸ್ವಲ್ಪ ಕಡಿಮೆ. ಸೀಟಿನಲ್ಲಿ ಕೂತವರ ಬೆನ್ನುಮೂಳೆಗೆ ಅದು ಗೊತ್ತಾಗುತ್ತಿತ್ತು. ಹೇರಿದಾಗ ಕಡಿಮೆ, ಖಾಲಿ ಇದ್ದಾಗ ಜಾಸ್ತಿ. ಈ ಒಂದು ಮಾತನ್ನು ನಾನು ಮೊದಲ ದಿನವೇ ಹಿಡಿದುಕೊಂಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಗಾಡಿ 2006ರ ಮಾಡೆಲ್, ಫೋರ್ ವೀಲ್ ಡ್ರೈವ್. ನಮ್ಮ ಹೊಲ ಮುಳಗುಂದದ ಕಡೆ, ಪೂರ್ತಿ ಎರಿ ನೆಲ. ಮಳೆ ಬಿದ್ದ ಮರುದಿನ ಅಲ್ಲಿ ಟು ವೀಲ್ ಡ್ರೈವ್ ಗಾಡಿ ಒಳಗೆ ಹೋದರೆ ಟ್ರ್ಯಾಕ್ಟರ್ ಕರೆಸಿಯೇ ಹೊರಗೆ ತೆಗೆಯಬೇಕು. ಹಾಗಾಗಿ ಈ ಗಾಡಿ ಮಾರುವ ಯೋಚನೆ ನನಗೆ ಯಾವತ್ತೂ ಬಂದಿಲ್ಲ.

ನಾನು ಮೊದಲು ನೋಡಿದ್ದು ಗಾಲಿ. ಎರಿ ಮಣ್ಣು ರಿಮ್ಮಿನ ಒಳಗೆ ಹೊಕ್ಕು ಒಣಗಿದರೆ ಸಿಮೆಂಟಿನ ಹಾಗೆ ಕೂರುತ್ತದೆ. ಒಂದು ಗಾಲಿಯಲ್ಲಿ ಅಂಗೈ ಅಗಲದ ಹೆಂಟೆ ಸಿಕ್ಕಿತು. ಕೆರೆದು ತೆಗೆದೆ. ಸ್ಟೇರಿಂಗ್ ನಡುಗುತ್ತಿದ್ದದ್ದು ನಿಂತಿತು, ಕಾಲಡಿಯ ಗುಂಯ್ ನಿಲ್ಲಲಿಲ್ಲ. ಅಂದರೆ ಇವೆರಡೂ ಬೇರೆ ಬೇರೆ ರೋಗ. ಗಾಲಿಯ ನಡುಕ ನಿಧಾನ, ಕೈಗೆ ಗೊತ್ತಾಗುವಂಥದ್ದು. ಎಂಜಿನ್ನಿನ ಕಡೆಯಿಂದ ಗಾಲಿಗಳಿಗೆ ಶಕ್ತಿ ಒಯ್ಯುವ ಉದ್ದ ಕೊಳವೆ, ಅಂದರೆ ಶಾಫ್ಟು, ಅದರ ನಡುಕ ಚುರುಕು, ಕಿವಿಗೂ ಕೇಳುವಂಥದ್ದು.

ಆಮೇಲೆ ನ್ಯೂಟ್ರಲ್ ಪರೀಕ್ಷೆ. ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇದ್ದಾಗ, 70ಕ್ಕೆ ಏರಿಸಿ ನ್ಯೂಟ್ರಲ್ ಮಾಡಿದೆ. ಎಂಜಿನ್ ಬಂದ್ ಮಾಡಬಾರದು, ಬ್ರೇಕಿನ ಬೂಸ್ಟರಿಗೆ ಅದು ಬೇಕು. ಎಂಜಿನ್ ಐಡ್ಲಿಂಗಿಗೆ ಇಳಿದರೂ 60ರ ಹತ್ತಿರ ಗುಂಯ್ ಹಾಗೇ ಇತ್ತು. ಅಲ್ಲಿಗೆ ಎಂಜಿನ್, ಕ್ಲಚ್ಚು, ಫ್ಲೈವೀಲ್ ಎಲ್ಲವೂ ಪಟ್ಟಿಯಿಂದ ಹೊರಗೆ. ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕಡೆ ಬಿಚ್ಚಿ ಮನೆಯಲ್ಲಿಟ್ಟು ಮತ್ತೆ ಓಡಿಸಿದೆ. ಬದಲಾವಣೆ ಇಲ್ಲ. ಉಳಿದದ್ದು ಹಿಂದಿನ ಶಾಫ್ಟು ಮತ್ತು ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಗಾಲಿಗಳ ನಡುವಿನ ಗೇರಿನ ಪೆಟ್ಟಿಗೆ.

ಇಲ್ಲಿಂದ ಮುಂದೆ ಲೆಕ್ಕ ಬೇಕು. ಈ ಲೆಕ್ಕಕ್ಕೆ ಬೇಕಾದದ್ದು ಒಂದು ಸುಣ್ಣದ ಕಡ್ಡಿ ಮಾತ್ರ.

ಟೈರಿಗೆ ಗುರುತು ಹಾಕಿ ಅಂಗಳದಲ್ಲಿ ಒಂದು ಸುತ್ತು ಉರುಳಿಸಿ ಅಳೆದೆ. 2.2 ಮೀಟರ್. ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ 1000 ಮೀಟರ್. ಅಲ್ಲಿಗೆ ಗಾಲಿ ಸೆಕೆಂಡಿಗೆ ಏಳೂವರೆ ಸುತ್ತು ತಿರುಗುತ್ತದೆ. ಇನ್ನು ಶಾಫ್ಟು. ಹಿಂದಿನ ಒಂದೇ ಗಾಲಿಯನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು, ಉಳಿದ ಮೂರಕ್ಕೂ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿದೆ. ಎತ್ತಿದ ಗಾಲಿಯನ್ನು ಎರಡು ಸುತ್ತು ತಿರುಗಿಸಬೇಕು. ಇನ್ನೊಂದು ಗಾಲಿ ನೆಲ ಕಚ್ಚಿ ನಿಂತಿರುವುದರಿಂದ ಡಿಫರೆನ್ಷಿಯಲ್ (ಎರಡು ಗಾಲಿಗೂ ಸುತ್ತು ಹಂಚುವ ಗೇರು) ಒಳಗೆ ಅದು ಒಂದು ಸುತ್ತಿನ ಲೆಕ್ಕ. ಅಷ್ಟರಲ್ಲಿ ಶಾಫ್ಟು ನಾಲ್ಕೂವರೆ ಸುತ್ತು ತಿರುಗಿತು. ಅಂದರೆ 60ರ ವೇಗದಲ್ಲಿ ಶಾಫ್ಟು ಸೆಕೆಂಡಿಗೆ ಸುಮಾರು 34 ಸುತ್ತು.

ಈಗ ನಡುಕ ಸೆಕೆಂಡಿಗೆ ಎಷ್ಟು ಸಲ ಅಂತ ಗೊತ್ತಾದರೆ ಕಳ್ಳ ಸಿಕ್ಕಂತೆ. 34 ಬಂದರೆ ಶಾಫ್ಟಿನ ತೂಕ ಸರಿಯಿಲ್ಲ, ಇಲ್ಲವೇ ಶಾಫ್ಟು ಬಾಗಿದೆ. 68 ಬಂದರೆ ಕ್ರಾಸಿನ ಕೋನದ ಗಲಾಟೆ. ಕ್ರಾಸ್ ಅಂದರೆ ಶಾಫ್ಟಿನ ಎರಡು ತುದಿಗಳಲ್ಲಿರುವ, ಓರೆಯಲ್ಲೂ ತಿರುಗುವ ಯುನಿವರ್ಸಲ್ ಜಾಯಿಂಟು, ಯುಜೆ. ಈ ಕ್ರಾಸ್ ಓರೆಯಾಗಿ ತಿರುಗುವಾಗ ಒಂದೊಂದು ಸುತ್ತಿಗೂ ಎರಡು ಸಲ ವೇಗ ಹೆಚ್ಚುತ್ತದೆ, ಎರಡು ಸಲ ತಗ್ಗುತ್ತದೆ. ಹಿಂದಿನ ಕ್ರಾಸ್ ಮುಂದಿನದರ ಈ ಏರಿಳಿತವನ್ನು ಸರಿದೂಗಿಸಬೇಕು. ಸರಿದೂಗಿಸದಿದ್ದರೆ ಸುತ್ತಿಗೆ ಎರಡು ಪೆಟ್ಟು ಹೌಸಿಂಗಿಗೂ ಚಾಸಿಗೂ ಬೀಳುತ್ತದೆ.

ಫೋನಿನಲ್ಲಿ ನಡುಕ ಅಳೆಯುವ ಆಪ್ ಹಾಕಿ, ಸೀಟಿನ ಕೆಳಗಿನ ಕಬ್ಬಿಣಕ್ಕೆ ಟೇಪಿನಿಂದ ಬಿಗಿದೆ. ಅಳತೆಯನ್ನು ನ್ಯೂಟ್ರಲ್‌ನಲ್ಲೇ ತೆಗೆದೆ. ಅದಕ್ಕೊಂದು ಕಾರಣ ಇದೆ. ನಾಲ್ಕನೇ ಗೇರಿನಲ್ಲಿ ನನ್ನ ಗಾಡಿಯ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ, ನಾಲ್ಕು ಸಿಲಿಂಡರಿನ ಎಂಜಿನ್ ಸುತ್ತಿಗೆ ಎರಡು ಸಲ ಹೊಡೆಯುತ್ತದೆ. ಅದೂ 68ಕ್ಕೇ ಬರುತ್ತದೆ. ಗೇರಿನಲ್ಲಿ ಅಳೆದರೆ ಎಂಜಿನ್ ಯಾವುದು, ಕ್ರಾಸ್ ಯಾವುದು ಅಂತ ಬಿಡಿಸಲು ಆಗುವುದಿಲ್ಲ.

ಫೋನು 32 ತೋರಿಸಿತು.

34ಕ್ಕೆ ಹತ್ತಿರ ಅಲ್ವಾ? ಸ್ಪೀಡೋಮೀಟರಿನ ತಪ್ಪೂ ಸ್ವಲ್ಪ ಇರುತ್ತದೆ. ಶಾಫ್ಟಿನ ತೂಕವೇ ಅಂತ ತೀರ್ಮಾನ ಮಾಡಿದೆ. ಎರಡು ಹೋಸ್ ಕ್ಲಿಪ್ ತಂದು ಶಾಫ್ಟಿನ ಹಿಂದಿನ ತುದಿಗೆ ಬಿಗಿದು, ಸ್ಕ್ರೂ ಇರುವ ಭಾರದ ಬದಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಆರು ಸಲ ಓಡಿಸಿ ನೋಡಿದೆ. ತೂಕದ ದೋಷವಿದ್ದರೆ ಎಲ್ಲೋ ಒಂದು ಕಡೆ ನಡುಕ ಕಡಿಮೆಯಾಗಲೇಬೇಕು, ಎದುರು ಬದಿಯಲ್ಲಿ ಜಾಸ್ತಿಯಾಗಲೇಬೇಕು. ಎರಡೂ ಆಗಲಿಲ್ಲ. ಆಗಲೇ ನಿಂತು ಯೋಚಿಸಬೇಕಿತ್ತು. ನಾನು ಶಾಫ್ಟು ಬಿಚ್ಚಿಕೊಂಡು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಬ್ಯಾಲೆನ್ಸಿಂಗಿಗೆ ಒಯ್ದೆ.

ಅಲ್ಲಿನ ಮಾಸ್ತರು ವಯಸ್ಸಾದವರು. ಶಾಫ್ಟನ್ನು ಮಷೀನಿಗೆ ಕಟ್ಟಿ ತಿರುಗಿಸಿದರು, ಸುಣ್ಣದ ಕಡ್ಡಿ ಹಿಡಿದು ಬಾಗು ನೋಡಿದರು. "ತಮ್ಮಾ, ಶಾಫ್ಟು ನೆಟ್ಟಗ ಐತಿ, ತೂಕಾನೂ ಸರಿ ಐತಿ. ಇದರಾಗ ನಿಂದು ರೋಗ ಇಲ್ಲ" ಅಂದರು. ದುಡ್ಡೂ ಪೂರ್ತಿ ತೆಗೆದುಕೊಳ್ಳಲಿಲ್ಲ. ಅವರ ಆ ಒಂದು ಮಾತು ನನಗೆ ಬಹಳ ಬೆಲೆಯದ್ದಾಯಿತು.

ಮನೆಗೆ ಬಂದು ಮಗಳಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವಳು ಧಾರವಾಡದಲ್ಲಿ ಓದುತ್ತಾಳೆ. "ಅಪ್ಪಾ, ನಿಮ್ಮ ಫೋನು ಸೆಕೆಂಡಿಗೆ ಎಷ್ಟು ಸಲ ಓದತೈತಿ ನೋಡ್ರಿ" ಅಂದಳು. ಆಪಿನ ಮೂಲೆಯಲ್ಲಿ ಬರೆದಿತ್ತು, 100. ಸೆಕೆಂಡಿಗೆ 100 ಸಲ ಓದುವ ಫೋನು 50ರವರೆಗಿನ ನಡುಕವನ್ನು ಮಾತ್ರ ಸರಿಯಾಗಿ ಹೇಳಬಲ್ಲದು. ಅದಕ್ಕಿಂತ ಚುರುಕಾದದ್ದು ಬಂದರೆ ತಪ್ಪು ಜಾಗದಲ್ಲಿ ತೋರಿಸುತ್ತದೆ. ಸಿನಿಮಾದಲ್ಲಿ ಮುಂದೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದಲ್ಲ, ಹಾಗೆ. 100ರಲ್ಲಿ 68 ಕಳೆದರೆ 32. ಅವಳ ಹೊಸ ಫೋನು 200 ಸಲ ಓದುತ್ತಿತ್ತು. ಶಾಫ್ಟು ಮತ್ತೆ ಕಟ್ಟಿ, ಅದೇ ರಸ್ತೆ, ಅದೇ ವೇಗ, ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. 68ರ ಹತ್ತಿರ ಗೋಪುರದ ಹಾಗೆ ಗೆರೆ ಎದ್ದು ನಿಂತಿತು.

ಆಗ ಮೊದಲ ಸಲ ಶಾಫ್ಟಿನ ಜಾಯಿಂಟುಗಳನ್ನು ಕಣ್ಣಿಟ್ಟು ನೋಡಿದೆ. ಡೀಸೆಲ್ ಹಾಕಿ ತಂತಿ ಬ್ರಷ್ಷಿನಿಂದ ತಿಕ್ಕಿದ ಮೇಲೆ ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರುವ ಸ್ಲಿಪ್ ಜಾಯಿಂಟಿನ ಎರಡೂ ಭಾಗದ ಮೇಲೆ ಬಾಣದ ಗುರುತು ಕಾಣಿಸಿತು. ಎರಡು ಬಾಣಗಳು ಎದುರು ಬದುರು ನಿಲ್ಲಬೇಕು, ಆಗ ಮಾತ್ರ ಹಿಂದಿನ ಕ್ರಾಸ್ ಮುಂದಿನದರ ಏರಿಳಿತವನ್ನು ಸರಿದೂಗಿಸುತ್ತದೆ. ಒಂದು ಹಲ್ಲು ಆಚೆ ಇದ್ದವು. 16 ಹಲ್ಲಿನ ಜಾಯಿಂಟಿನಲ್ಲಿ ಒಂದು ಹಲ್ಲು ಅಂದರೆ 22.5 ಡಿಗ್ರಿ. ಹಿಂದಿನ ವರ್ಷ ಒಂದು ಗ್ಯಾರೇಜಿನಲ್ಲಿ ಕ್ರಾಸ್ ಬದಲಿಸಿದಾಗ ಜಾಯಿಂಟನ್ನು ಎಳೆದು ಬಿಚ್ಚಿದ್ದರು, ಸೇರಿಸುವಾಗ ಗುರುತು ನೋಡಿರಲಿಲ್ಲ. ಗುರುತು ಮಣ್ಣಿನಡಿ ಇದ್ದರೆ ಯಾರಿಗೂ ಹಾಗಾಗಬಹುದು. ಬ್ಯಾಲೆನ್ಸಿಂಗ್ ಮಷೀನಿನಲ್ಲಿ ಇದು ಯಾಕೆ ಸಿಗಲಿಲ್ಲ ಅಂದರೆ, ಅಲ್ಲಿ ಶಾಫ್ಟು ನೆಟ್ಟಗೆ ತಿರುಗುತ್ತದೆ. ಕೋನ ಇಲ್ಲದ ಕಡೆ ಕ್ರಾಸಿನ ಏರಿಳಿತವೂ ಇಲ್ಲ.

ಜಾಯಿಂಟ್ ಎಳೆದು, ಬಾಣ ಕೂಡಿಸಿ, ಗ್ರೀಸ್ ತುಂಬಿ ಕಟ್ಟಿದೆ. ನಡುಕ ಅರ್ಧಕ್ಕಿಂತ ಕೆಳಗೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಖಾಲಿ ಗಾಡಿಯಲ್ಲಿ ಇನ್ನೂ ಇತ್ತು, ಹೇರಿದರೆ ಬಹುತೇಕ ಇರಲಿಲ್ಲ.

ಆಗ ಆ ಮೊದಲ ಮಾತು ನೆನಪಾಯಿತು. ಮೂರು ವರ್ಷದ ಹಿಂದೆ ಉಳ್ಳಾಗಡ್ಡಿ ಜಾಸ್ತಿ ಹೇರಲು ಹಿಂದೆ ಒಂದು ಪಾಟಾ (ಸ್ಪ್ರಿಂಗಿನ ಪಟ್ಟಿ) ಹೆಚ್ಚಿಗೆ ಹಾಕಿಸಿದ್ದೆ. ಖಾಲಿ ಇದ್ದಾಗ ಗಾಡಿಯ ಹಿಂಭಾಗ ಎದ್ದು ನಿಲ್ಲುತ್ತಿತ್ತು, ಶಾಫ್ಟು ಕಡಿದಾಗಿ ಇಳಿಯುತ್ತಿತ್ತು. ಸಮತಟ್ಟು ನೆಲದಲ್ಲಿ, ಗಾಲಿಯ ಮೇಲೆ ಭಾರ ಇಟ್ಟೇ, ಡಿಜಿಟಲ್ ಲೆವೆಲ್ ಹಿಡಿದು ಅಳೆದೆ. ಜಾಕಿನಲ್ಲಿ ಎತ್ತಿ ಅಳೆದರೆ ಉಪಯೋಗವಿಲ್ಲ, ಪಾಟಾ ಇಳಿಬಿದ್ದು ಕೋನವೇ ಬದಲಾಗಿಬಿಡುತ್ತದೆ. ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಶಾಫ್ಟುಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಫ್ಲ್ಯಾಂಜ್, ಅಂದರೆ ಶಾಫ್ಟಿನ ಮುಂದಿನ ತುದಿ ಕೂರುವ ಬಿಲ್ಲೆ, ಹಿಂದಕ್ಕೆ 3 ಡಿಗ್ರಿ ತಗ್ಗು. ಶಾಫ್ಟು 9 ಡಿಗ್ರಿ ತಗ್ಗು. ಹೌಸಿಂಗಿನ ಪಿನಿಯನ್ ಮೂತಿ, ಅಂದರೆ ಶಾಫ್ಟಿನ ಹಿಂದಿನ ತುದಿ ಸೇರುವ ಜಾಗ, 5 ಡಿಗ್ರಿ ಮೇಲಕ್ಕೆ. ಶಾಫ್ಟಿನ 9ರಲ್ಲಿ ಒಂದೊಂದನ್ನೇ ಕಳೆದರೆ ಮುಂದಿನ ಕ್ರಾಸಿಗೆ 6, ಹಿಂದಿನದಕ್ಕೆ 4. ಇವೆರಡೂ ಸಮ ಇರಬೇಕು, ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಟ್ಟು ಕೋನವೂ ಕಡಿಮೆ ಇದ್ದಷ್ಟು ಒಳ್ಳೆಯದು, ಹಾಗಂತ ಪೂರ್ತಿ ಸೊನ್ನೆ ಇರಬಾರದು. ಸೊನ್ನೆ ಇದ್ದರೆ ಕ್ರಾಸಿನ ಸೂಜಿ ಬೇರಿಂಗ್ ಉರುಳದೆ ಒಂದೇ ಕಡೆ ಸವೆಯುತ್ತದೆ.

ಹೆಚ್ಚಿನ ಪಾಟಾ ತೆಗೆಸಿದೆ. ಶಾಫ್ಟು ಏಳೂವರೆ ಡಿಗ್ರಿಗೆ ಇಳಿಯಿತು. ಪಿನಿಯನ್ 5ರಲ್ಲೇ ನಿಂತಿತ್ತು. ಹೌಸಿಂಗ್ ಮತ್ತು ಪಾಟಾಗಳ ನಡುವೆ 2 ಡಿಗ್ರಿಯ ಓರೆ ಶಿಮ್ (ಬೆಣೆಯಂಥ ತಗಡು) ಕೂರಿಸಿ, ಮೂತಿಯನ್ನು 3ಕ್ಕೆ ತಗ್ಗಿಸಿದೆ. ಈಗ ಮುಂದೆ ನಾಲ್ಕೂವರೆ, ಹಿಂದೆ ನಾಲ್ಕೂವರೆ. ಹೌಸಿಂಗನ್ನು ಪಾಟಾಗಳಿಗೆ ಬಿಗಿಯುವ ಯು ಬೋಲ್ಟ್ ಹೊಸವು ಹಾಕಿದೆ, 200 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿದೆ. ಇದನ್ನು ಮರೆಯಬೇಡಿ, ಶಿಮ್ ಕೂತ ಮೇಲೆ ಬೋಲ್ಟ್ ಸಡಿಲಾಗುತ್ತವೆ. ಭಾರದ ಲೆಕ್ಕವೂ ಬದಲಾಯಿತು. ಈಗ ಒಂದು ಸಲಕ್ಕೆ ಎಂಟು ಚೀಲ ಕಡಿಮೆ ಹೇರುತ್ತೇನೆ.

ಮುಂದಿನ ವಾರ ಅಮರಗೋಳದಿಂದ ಖಾಲಿ ವಾಪಸ್ ಬಂದೆ. ಅಣ್ಣಿಗೇರಿ ದಾಟಿ 60ರಲ್ಲಿ ಇಟ್ಟುಕೊಂಡೇ ಬಂದೆ. ಟೈರಿನ ಸದ್ದು, ಗಾಳಿಯ ಸದ್ದು, ಅಷ್ಟೇ. ಮಗಳ ಫೋನಿನಲ್ಲಿ 68ರ ಗೆರೆ ಉಳಿದ ಗೆರೆಗಳ ನಡುವೆ ಕಳೆದುಹೋಗಿತ್ತು. ಮನೆಗೆ ಬಂದು ಗಾಡಿಯ ಕೆಳಗೆ ಮಲಗಿ, ಸ್ಲಿಪ್ ಜಾಯಿಂಟಿನ ಎರಡು ಬಾಣಗಳನ್ನೂ ಸೇರಿಸಿ ಬಿಳಿ ಪೇಂಟಿನಿಂದ ಒಂದೇ ದಪ್ಪ ಗೆರೆ ಎಳೆದೆ. ಇನ್ನೊಮ್ಮೆ ಕ್ರಾಸ್ ಬದಲಿಸುವವರು ಯಾರೇ ಇರಲಿ, ಮಣ್ಣು ಒರೆಸಿದರೆ ಅದು ಕಾಣುತ್ತದೆ.