ಮತದಾರರೇ ಕಾಯ್ದಿರಿಸಿದ ಬಯಲಿನಲ್ಲಿ ಜಮೀನು ಕೊಳ್ಳುವ ಮುನ್ನ: ಅಲಮೀಡಾ ಕೌಂಟಿಯ ‘ಮೆಷರ್ ಡಿ’

ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನಿಂದ ಉತ್ತರಕ್ಕೆ ಹೊರಟರೆ, ಬಡಾವಣೆಯ ಕೊನೆಯ ಮನೆ ದಾಟಿದೊಡನೆ ಹುಲ್ಲುಗುಡ್ಡಗಳು ಆರಂಭವಾಗುತ್ತವೆ. ಬೇಸಿಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗಿದ ಆ ಹುಲ್ಲಿನಲ್ಲಿ ದನಗಳು ಮೇಯುತ್ತಿರುತ್ತವೆ. ಬೆಂಗಳೂರಿನ ಸುತ್ತಲಿನ ಹೊಲಗಳು ಕಣ್ಣೆದುರೇ ಸೈಟುಗಳಾದದ್ದನ್ನು ಕಂಡ ನಮ್ಮವರಿಗೆ, ಊರು ಇಂದಲ್ಲ ನಾಳೆ ಇಲ್ಲಿಗೂ ಬಂದೇ ಬರುತ್ತದೆ ಎನ್ನಿಸುವುದು ಸಹಜ. ಆ ನಂಬಿಕೆಯ ಮೇಲೆ ಹಣ ಹೂಡುವ ಮುನ್ನ ನವೆಂಬರ್ 2000ರಲ್ಲಿ ಲಿವರ್‌ಮೋರ್ ಸೇರಿರುವ ಅಲಮೀಡಾ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮತದಾರರು ಅಂಗೀಕರಿಸಿದ ‘ಮೆಷರ್ ಡಿ’ಯನ್ನು, ಅಂದರೆ ಕೃಷಿ ನೆಲವನ್ನೂ ಬಯಲನ್ನೂ ಹಾಗೆಯೇ ಉಳಿಸಲು ಮಾಡಿದ ಕಾನೂನನ್ನು, ಓದಲೇಬೇಕು.

ನಮ್ಮಲ್ಲಿ ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸಲು ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕುತ್ತೇವೆ. ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಯ ‘ಜನರಲ್ ಪ್ಲಾನ್’ (ಯಾವ ನೆಲ ಯಾವ ಉಪಯೋಗಕ್ಕೆ ಎಂದು ಹೇಳುವ ಯೋಜನೆ) ಬದಲಾಗಬೇಕು, ಅದನ್ನು ಬದಲಿಸುವ ಅಧಿಕಾರ ಸಾಮಾನ್ಯವಾಗಿ ಐವರು ಸದಸ್ಯರ ಮೇಲ್ವಿಚಾರಕ ಮಂಡಳಿಯದು. ಆದರೆ ನಾಗರಿಕರು ಸಹಿ ಸಂಗ್ರಹಿಸಿ, ಚುನಾವಣೆಯಲ್ಲಿ ಮತಕ್ಕೆ ಹಾಕಿಸಿ ಗೆಲ್ಲಿಸಿದ ಯೋಜನೆಯನ್ನು, ಅದರ ಪಠ್ಯವೇ ಅವಕಾಶ ಕೊಟ್ಟಿರದ ಹೊರತು, ಮಂಡಳಿ ತಾನಾಗಿ ತಿದ್ದಲಾಗದು. ನಾಪಾ ಕೌಂಟಿಯ ಇಂಥದೇ ಕಾನೂನನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಎತ್ತಿಹಿಡಿದ ಮೇಲೆ ಈ ವಿಷಯದಲ್ಲಿ ಗೊಂದಲ ಉಳಿದಿಲ್ಲ. ಅಲಮೀಡಾದಲ್ಲಿ ಕೃಷಿ ಕಟ್ಟಡಗಳ ವಿಸ್ತೀರ್ಣದ ಮಿತಿಯನ್ನು ಒಂದಿಷ್ಟು ಸಡಿಲಿಸಬೇಕಾದಾಗಲೂ 2022ರಲ್ಲಿ ಮತ್ತೆ ಮತದಾರರ ಮುಂದೆಯೇ ಹೋಗಬೇಕಾಯಿತು. ಆದ್ದರಿಂದ “ಮಂಡಳಿಯವರು ಒಪ್ಪುತ್ತಾರೆ ಬಿಡಿ” ಎನ್ನುವ ದಲ್ಲಾಳಿಯ ಭರವಸೆಗೆ ಇಲ್ಲಿ ಬೆಲೆ ಕೊಡಬೇಡಿ.

ಮೊದಲು ಜಮೀನಿನ ಪಾರ್ಸೆಲ್ ಸಂಖ್ಯೆಯನ್ನು (ನಮ್ಮ ಸರ್ವೆ ನಂಬರಿನಂಥದು) ಪಡೆದು, ಅದು ನಗರದ ಮಿತಿಯೊಳಗಿದೆಯೋ ಕೌಂಟಿಯ ನೇರ ಆಡಳಿತದಲ್ಲಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅಂಚೆ ವಿಳಾಸದಲ್ಲಿ ‘ಲಿವರ್‌ಮೋರ್’ ಎಂದಿದ್ದ ಮಾತ್ರಕ್ಕೆ ಜಮೀನು ನಗರದೊಳಗಿದೆ ಎಂದರ್ಥವಲ್ಲ. ಹಲವರು ಎಡವುವುದು ಇಲ್ಲಿಯೇ. ಮೆಷರ್ ಡಿ ಅನ್ವಯಿಸುವುದು ಕೌಂಟಿಯ ಭಾಗಕ್ಕೆ ಮಾತ್ರ. ನಗರಗಳಿಗೆ ತಮ್ಮವೇ ನಿಯಮಗಳಿವೆ: ಪ್ಲೆಸೆಂಟನ್‌ನ ಮತದಾರರು 2008ರಲ್ಲಿ ಅಂಗೀಕರಿಸಿದ ‘ಮೆಷರ್ ಪಿಪಿ’ ಶೇ. 25 ಅಥವಾ ಅದಕ್ಕಿಂತ ಹೆಚ್ಚು ಇಳಿಜಾರಿನ ನೆಲದಲ್ಲಿ ಮನೆ ಕಟ್ಟುವುದನ್ನು, ಕೆಲವು ಸಣ್ಣ ಯೋಜನೆಗಳನ್ನು ಹೊರತುಪಡಿಸಿ, ತಡೆಯುತ್ತದೆ.

ಜಮೀನು ಕೌಂಟಿಯದ್ದಾದರೆ ಕೌಂಟಿಯ ಪೂರ್ವ ಭಾಗದ ಯೋಜನೆಯಾದ ‘ಈಸ್ಟ್ ಕೌಂಟಿ ಏರಿಯಾ ಪ್ಲಾನ್’ ನಕಾಶೆಯಲ್ಲಿ ಅದು ನಗರ ಬೆಳವಣಿಗೆಯ ಗಡಿಯ ಯಾವ ಬದಿಯಲ್ಲಿದೆ, ಯಾವ ವರ್ಗಕ್ಕೆ ಸೇರಿದೆ ಎಂದು ನೋಡಿ. ಗಡಿಯಾಚೆಯ ಬಹುಪಾಲು ನೆಲ ‘ಲಾರ್ಜ್ ಪಾರ್ಸೆಲ್ ಅಗ್ರಿಕಲ್ಚರ್’ ಅಥವಾ ‘ರಿಸೋರ್ಸ್ ಮ್ಯಾನೇಜ್‌ಮೆಂಟ್’ ವರ್ಗದ್ದು, ಎರಡರಲ್ಲೂ ಒಂದು ತುಂಡಿನ ಕನಿಷ್ಠ ವಿಸ್ತೀರ್ಣ 100 ಎಕರೆ. ಇದರ ಲೆಕ್ಕವನ್ನು ಕಾಗದದ ಮೇಲೆ ಹಾಕಿಯೇ ನೋಡಬೇಕು. 190 ಎಕರೆಯನ್ನು ಅಣ್ಣತಮ್ಮಂದಿರಿಬ್ಬರು ಸೇರಿ ಕೊಂಡರೆ ಅದನ್ನು ಎರಡು ಹಿಸ್ಸೆ ಮಾಡಲಾಗದು, ಏಕೆಂದರೆ ಅದಕ್ಕೆ 200 ಎಕರೆ ಬೇಕು. ಮೊದಲ ವರ್ಗದಲ್ಲಿ ಪ್ರತಿ ತುಂಡಿಗೆ ಒಂದು ಮನೆಯನ್ನು ಮೂಲ ಮಿತಿಯಾಗಿ ಇಟ್ಟು, ವಾಸದ ಕಟ್ಟಡದ ಒಟ್ಟು ವಿಸ್ತೀರ್ಣಕ್ಕೆ 12,000 ಚದರ ಅಡಿಯ ಗರಿಷ್ಠ ಮಿತಿಯನ್ನು ವಿಧಿಸಲಾಗಿದೆ. ಹೊಲಗೆಲಸಕ್ಕಾಗಿ ಬೇರೆಡೆ ಇರಲೇಬೇಕಾದವುಗಳನ್ನು ಬಿಟ್ಟು ಉಳಿದ ಕಟ್ಟಡಗಳೆಲ್ಲ ಎರಡು ಎಕರೆಯ ಒಂದೇ ಆವರಣದೊಳಗೆ ಬರಬೇಕು. ನೂರು ಎಕರೆ ಕೊಂಡವರಿಗೂ ಮಿಕ್ಕ ತೊಂಬತ್ತೆಂಟು ಎಕರೆ ಹುಲ್ಲಾಗಿಯೋ ಬೆಳೆಯಾಗಿಯೋ ಉಳಿಯುತ್ತದೆ. ಈ ಕಾನೂನಿನ ಉದ್ದೇಶವೇ ಅದು, ಅದು ಸರಿಯಾದದ್ದೇ ಎಂಬುದು ನನ್ನ ದೃಢ ಅಭಿಪ್ರಾಯ.

ಹಳೆಯ ಸಣ್ಣ ತುಂಡುಗಳ ಪಾಡು ಬೇರೆ. ಕಾನೂನುಬದ್ಧವಾಗಿ ರೂಪುಗೊಂಡ ತುಂಡು 100 ಎಕರೆಗಿಂತ ಚಿಕ್ಕದಾಗಿದ್ದರೂ ಅದರಲ್ಲಿ ಒಂದು ಮನೆಗೆ ಅವಕಾಶವಿದೆ, ಆದರೆ ರಸ್ತೆ, ನೀರು, ಚರಂಡಿ ವ್ಯವಸ್ಥೆ, ಗುಡ್ಡದ ನೋಟಕ್ಕೆ ಧಕ್ಕೆಯಾಗದಂಥ ಜಾಗದ ಆಯ್ಕೆ ಇವೆಲ್ಲವೂ ಕೌಂಟಿಯ ಮಾನದಂಡಕ್ಕೆ ಹೊಂದಬೇಕು. ಆ ತುಂಡು ಕಾನೂನುಬದ್ಧವೇ ಎಂಬುದಕ್ಕೆ ದಾಖಲೆಯನ್ನು ಮಾರುವವರಿಂದಲೇ ಕೇಳಿ ಪಡೆಯಿರಿ. ಜೊತೆಗೆ 1965ರ ವಿಲಿಯಮ್ಸನ್ ಕಾಯ್ದೆಯಡಿ, ಜಮೀನನ್ನು ಕೃಷಿಗೋ ಬಯಲಾಗಿಯೋ ಉಳಿಸುತ್ತೇನೆಂದು ಮಾಲೀಕರು ಮಾಡಿಕೊಂಡ ಒಪ್ಪಂದವೇನಾದರೂ ಇದೆಯೇ ವಿಚಾರಿಸಿ. ತೆರಿಗೆ ಕಡಿಮೆಯಾಗುವುದು ನಿಜ, ಆದರೆ ಕನಿಷ್ಠ ಹತ್ತು ವರ್ಷಗಳ ಆ ಒಪ್ಪಂದ ವರ್ಷವರ್ಷವೂ ತಾನಾಗಿ ಮುಂದುವರಿಯುತ್ತ ಹೊಸ ಮಾಲೀಕರನ್ನೂ ಕಟ್ಟಿಹಾಕುತ್ತದೆ.

ಬೇರೆ ಕೌಂಟಿಯಲ್ಲಿ ಕೊಳ್ಳುವವರು ಅಲ್ಲಿನ ಮತದಾರರು ಮಾಡಿದ ಇಂಥದೇ ಕಾನೂನಿನ ಅವಧಿಯನ್ನೂ ನೋಡಿಕೊಳ್ಳಬೇಕು. ವೆಂಚುರಾ ಕೌಂಟಿಯ ‘ಸೋರ್’ 2050ರವರೆಗೆ, ನಾಪಾದ ‘ಮೆಷರ್ ಪಿ’ 2058ರವರೆಗೆ ಜಾರಿಯಲ್ಲಿರುತ್ತವೆ. ಅವಧಿ ಮುಗಿಯುವುದನ್ನೇ ಕಾದು ಕೂರುವುದು ಜಾಣತನವಲ್ಲ, ಈ ಎರಡೂ ಕಡೆ ಮತದಾರರು ಹಿಂದಿನ ಅವಧಿ ತೀರುವ ಮೊದಲೇ ಅದನ್ನು ವಿಸ್ತರಿಸಿದ್ದಾರೆ.

ಇಷ್ಟು ತಿಳಿದ ಮೇಲೆ ಪಾರ್ಸೆಲ್ ಸಂಖ್ಯೆಯನ್ನೂ ನೀವು ಕಟ್ಟಬೇಕೆಂದಿರುವುದನ್ನೂ ಒಂದು ಪುಟದಲ್ಲಿ ಬರೆದು ಕೌಂಟಿಯ ಯೋಜನಾ ಇಲಾಖೆಗೆ ಕೊಡಿ, ಮತ್ತು ಕ್ರಯದ ಒಪ್ಪಂದದಲ್ಲಿ ಪರಿಶೀಲನೆಗೆಂದು ಇಟ್ಟ ದಿನಗಳು ಮುಗಿಯುವುದರೊಳಗೆ ಅವರ ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ.