ಹಂಚಿನ ಅಡಿಯಲ್ಲಿದ್ದ ಇಸವಿ

ಅಜ್ಜನ ಮನೆಯ ಮಾಡು ಬಿಚ್ಚುವಾಗ ಇಳಿಸಿದ ಹಂಚುಗಳನ್ನು ಅಂಗಳದಲ್ಲಿ ಪೇರಿಸುತ್ತಿದ್ದೆವು. ಒಂದನ್ನು ಮಗುಚಿದರೆ ಅಡಿಯಲ್ಲಿ ಜರ್ಮನ್-ಸ್ವಿಸ್ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹೆಸರು, ಮಂಗಳೂರು, 1865 ಎಂಬ ಅಚ್ಚು. ಮನೆ ಕಟ್ಟಿದ್ದು 1908ರಲ್ಲಿ, ದಸ್ತಾವೇಜು ನಮ್ಮಲ್ಲೇ ಇದೆ. ಹಾಗಾದರೆ ಇವು ಇನ್ಯಾವುದೋ ಹಳೆಯ ಕಟ್ಟಡದಿಂದ ತಂದ ಹಂಚುಗಳಿರಬೇಕು ಅಂದುಕೊಂಡು ನನ್ನ ಪಟ್ಟಿಯಲ್ಲಿ ಹಾಗೆಯೇ ಬರೆದೂ ಬಿಟ್ಟೆ. ಆದರೆ ಎಷ್ಟು ತಿರುಗಿಸಿದರೂ ಅದೇ 1865. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನೆರೆಮನೆಯ ಹಿರಿಯರೇ ಬಿಡಿಸಿ ಹೇಳಿದರು: "ಅದು ಹಂಚಿನ ವರ್ಷ ಅಲ್ಲ ಮಾರಾಯ್ರೆ, ಕಂಪೆನಿ ಶುರುವಾದ ವರ್ಷ."

ಆ ಮೇಲೆ ನಾನು ಇಸವಿ ಬಿಟ್ಟು ಹೆಸರನ್ನು ಹಿಡಿದೆ.

ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಆ ಹಂಚಿನ ಕಾರ್ಖಾನೆ ತೆರೆದವರು ಜಾರ್ಜ್ ಪ್ಲೆಬ್ಸ್ಟ್. ಅದಕ್ಕೂ ಮೊದಲು ಮಿಷನ್ನಿನ ಮುದ್ರಣಾಲಯದಲ್ಲಿ ಕನ್ನಡ ಅಚ್ಚುಮೊಳೆಗಳ ಕೆಲಸ ಮಾಡಿದ್ದವರು ಅವರು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಆವೆಮಣ್ಣು ಹಂಚಿಗೆ ಹೇಳಿಮಾಡಿಸಿದ್ದು. ಸುಟ್ಟಾಗ ಬರುವ ಕೆಂಪು ಆ ಮಣ್ಣಿನೊಳಗಿನ ಕಬ್ಬಿಣದ ಅಂಶದ್ದು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಉದ್ದಿಮೆಗಳನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡಿತು. 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಅವುಗಳನ್ನು ನಡೆಸಿತು. ಹಾಗಾಗಿ ಕಾಮನ್‌ವೆಲ್ತ್ ಹೆಸರಿನ ಹಂಚು ಸಿಕ್ಕಿದರೆ ಅದು ಯುದ್ಧದ ನಂತರದ್ದು. ಹೊಸದಾಗಿ ಕೊಂಡಿದ್ದೋ, ಹಳೆಯದನ್ನೇ ಮತ್ತೆ ಹೊದೆಸಿದ್ದೋ ಎಂಬುದನ್ನು ಮಾತ್ರ ಹೆಸರು ಹೇಳುವುದಿಲ್ಲ.

ಅಚ್ಚು ಓದುವುದಕ್ಕೆ ತಾಳ್ಮೆ ಬೇಕು. ಹಂಚನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜುತ್ತೇನೆ. ತಂತಿ ಬ್ರಷ್ ಮುಟ್ಟಿಸಲೇಬಾರದು, ಅಕ್ಷರದ ಅಂಚೇ ಹೋಗುತ್ತದೆ. ಒಣಗಿದ ಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಹಂಚಿಗೆ ತಾಗುವಷ್ಟು ತಗ್ಗಿಸಿ ಹಿಡಿದರೆ ಸವೆದ ಅಕ್ಷರವೂ ನೆರಳು ಬಿಟ್ಟು ಎದ್ದು ಕಾಣುತ್ತದೆ. ಹೀಗೆ ನೋಡುವಾಗ ನಲವತ್ತಕ್ಕೂ ಹೆಚ್ಚು ಹಂಚುಗಳಲ್ಲಿ ಒಂದೇ ಅಕ್ಷರದ ಒಂದೇ ಮೂಲೆ ಮುರಿದಿತ್ತು. ಅವೆಲ್ಲ ಒಂದೇ ಅಚ್ಚಿನ ಕೆಳಗೆ ಒತ್ತಿದವು! ಅವತ್ತಿನ ಖುಷಿಗೆ ಊಟವೂ ನೆನಪಾಗಲಿಲ್ಲ.

ಅಡುಗೆಕೋಣೆಯ ಮೇಲಿದ್ದವು ಮಾತ್ರ ಕಾಮನ್‌ವೆಲ್ತ್ ಹಂಚುಗಳು. ಅಂದರೆ ಅಡುಗೆಕೋಣೆಯ ಮಾಡನ್ನು ಆಮೇಲೆ ಯಾವಾಗಲೋ ಬದಲಿಸಿದ್ದಾರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಇದು. ಜಗಲಿಯ ಹಂಚುಗಳ ಕಥೆ ಸಿಗಲಿಲ್ಲ, ಅಷ್ಟು ಹೊತ್ತಿಗೆ ಅವು ರಾಶಿಯಲ್ಲಿ ಬೆರೆತುಹೋಗಿದ್ದವು. ಈಗ ಎಲ್ಲಿ ಮಾಡು ಬಿಚ್ಚುವುದಿದ್ದರೂ ಮೊದಲೇ ಹೋಗಿ, ಇಳಿಸಿದ ಪ್ರತಿ ಸಾಲಿನ ಹಂಚಿನ ಮೇಲೂ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ.