ಗೇಟಿನಾಚೆ ಉಳಿದ ಒಂದೂವರೆ ಅಡಿ

ನನ್ನ ದೊಡ್ಡ ಡೀಸೆಲ್ ಗಾಡಿ ಮನೆಗೆ ಬಂದ ದಿನ ಪೂಜೆ ಆಯಿತು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಒಳಗೆ ನಿಲ್ಲಿಸಿ ಗೇಟು ಹಾಕಲು ಹೋದೆ. ಗೇಟು ಬಂಪರಿಗೆ ಬಡಿಯಿತು.

ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ 30×40 ಸೈಟಿನ ಹಳೇ ಮನೆ. ಅಪ್ಪ ಕಟ್ಟಿಸುವಾಗ ಪೋರ್ಟಿಕೊ ಇಟ್ಟಿದ್ದು ಪ್ರೀಮಿಯರ್ ಪದ್ಮಿನಿಯನ್ನು ಮನಸ್ಸಿನಲ್ಲಿಟ್ಟುಕೊಂಡು, 14 ಅಡಿ ಚಿಲ್ಲರೆ. ನನ್ನ ಗಾಡಿ 4.8 ಮೀಟರ್. ಅಂದರೆ 15 ಅಡಿ 9 ಅಂಗುಲ. ಒಂದೂವರೆ ಅಡಿ ರಸ್ತೆಯಲ್ಲೇ ಉಳಿಯಿತು. ಶೋರೂಮಿನಲ್ಲಿ ಎಂಜಿನ್ನು, ಟಾರ್ಕು, ಏರ್‌ಬ್ಯಾಗು ಎಲ್ಲ ಕೇಳಿದ್ದೆ. ಉದ್ದ ಎಷ್ಟು ಅಂತ ಮಾತ್ರ ಕೇಳಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿ ಒಂದೇ ಮಾತು ಹೇಳಿದರು: “ನಾಳೆ ರಂಗೋಲಿ ಎಲ್ಲಿ ಹಾಕಲೋ?”

ಕೊನೆಗೆ ಮುಂಬಾಗಿಲ ಪಕ್ಕದ ಕಟ್ಟೆ ಒಡೆಸಿದೆ. ಅಪ್ಪ ಪೇಪರ್ ಓದುತ್ತಿದ್ದ ಕಟ್ಟೆ ಅದು. ಒಳಕ್ಕೆ ತೆರೆಯುತ್ತಿದ್ದ ಗೇಟು ಕಿತ್ತು ಪಕ್ಕಕ್ಕೆ ಜಾರುವ ಗೇಟು ಹಾಕಿಸಿದೆ. 42 ಸಾವಿರ ಆಯಿತು. ಈಗ ಗಾಡಿಗೂ ಗೇಟಿಗೂ ನಾಲ್ಕು ಬೆರಳಿನ ಸಂದು. ತಿಂಗಳು ಕಳೆಯುವುದರೊಳಗೆ ಮೋರಿ ಮೇಲಿನ ಚಪ್ಪಡಿ ಕಲ್ಲು ಸೀಳಿತು. ಎರಡು ಟನ್ ಮೀರಿದ ತೂಕ ದಿನಾ ಎರಡು ಸಲ ಹತ್ತಿ ಇಳಿದರೆ ಅದಾದರೂ ಏನು ಮಾಡೀತು?

ಇಷ್ಟಕ್ಕೂ ಯಾಕೆ ತಗೊಂಡೆ ಅಂದರೆ, ಮಾವನ ತೋಟಕ್ಕೆ. ಕೊಪ್ಪದ ಕಡೆ. ಡಾಂಬರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಆಷಾಢದಲ್ಲಿ ನನ್ನ ಸಣ್ಣ ಕಾರು ಅಲ್ಲಿ ಹೂತುಹೋಗಿ, ಆಳುಗಳು ತಳ್ಳಿ, ನಾನು ಎಲ್ಲರೆದುರು ಕೆಸರಾಗಿ ನಿಂತಿದ್ದೆ. ಆ ಅವಮಾನಕ್ಕೆ ಏಳು ವರ್ಷದ ಸಾಲ ಮಾಡಿದೆ. 2021ರಲ್ಲಿ ಗಾಡಿ ಬಂತು. ಎರಡನೇ ವರ್ಷ ಆ ದಾರಿಗೆ ಕಾಂಕ್ರೀಟ್ ಹಾಕಿದರು.

ಹಾಗಾದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ಫೋರ್ ವೀಲ್ ಡ್ರೈವ್ ಎಲ್ಲಿ ಬಳಸೋದು? ಒಮ್ಮೆ ಕೆಮ್ಮಣ್ಣುಗುಂಡಿಗೆ ಹೋದೆವು. ಹೆಬ್ಬೆ ಜಲಪಾತದ ದಾರಿಗಾದರೂ ಇದು ಲಾಯಕ್ಕು ಅಂತ ನನ್ನ ಲೆಕ್ಕ. ಅಲ್ಲಿ ಸ್ವಂತ ಗಾಡಿ ಬಿಡಲ್ಲ, ಅಲ್ಲಿನ ಜೀಪಿನಲ್ಲೇ ಹೋಗಬೇಕು. ನನ್ನದನ್ನು ಮರದಡಿ ನಿಲ್ಲಿಸಿ, ದುಡ್ಡು ಕೊಟ್ಟು, ಹಳೇ ಜೀಪಿನಲ್ಲಿ ಕುಲುಕಾಡುತ್ತಾ ಹೋದೆ. ಹೆಂಡತಿ ದಾರಿಯುದ್ದಕ್ಕೂ ನಗು ತಡೆದುಕೊಂಡಿದ್ದಳು.

ತಮಾಷೆ ಅಂದರೆ, ಬಳಸದಿದ್ದರೂ ಅದನ್ನು ಸಾಕಬೇಕು. ನನ್ನ ಗಾಡಿಯದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ಫೋರ್ ವೀಲ್. ತಿಂಗಳಿಗೊಮ್ಮೆ ಸುಮಾರು 16 ಕಿಲೋಮೀಟರ್ ಅದನ್ನು ಹಾಕಿ ಓಡಿಸಿ, ಮುಂದಿನ ಗೇರು-ಶಾಫ್ಟುಗಳಿಗೆ ಎಣ್ಣೆ ಹರಿಯಲಿ ಅಂತ ಮ್ಯಾನುಯಲ್‌ನಲ್ಲಿದೆ. ಆದರೆ ಒಣ ಡಾಂಬರಿನ ಮೇಲೆ ಹಾಕಿಕೊಂಡು ತಿರುವು ತಗೊಂಡರೆ ಕಷ್ಟ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಎರಡನ್ನೂ ಕಟ್ಟಿಹಾಕಿದಾಗ ಆ ವ್ಯತ್ಯಾಸಕ್ಕೆ ದಾರಿಯೇ ಇಲ್ಲ. ಸ್ಟೀರಿಂಗ್ ಬಿಗಿಯಾಗುತ್ತದೆ, ಟೈರು ಉಜ್ಜುತ್ತದೆ, ಗಾಡಿ ಮುಗ್ಗರಿಸಿದಂತೆ ಆಡುತ್ತದೆ. ಮೊದಲ ಸಲ ನಮ್ಮ ಬಡಾವಣೆಯ ಮೂಲೆಯಲ್ಲೇ ಹಾಕಿ ನೋಡಿ, ಏನೋ ಮುರಿಯಿತು ಅಂತ ಹೆದರಿದ್ದೆ. ಈಗ ಮಳೆ ಬಿದ್ದ ಭಾನುವಾರ ಬೆಳಿಗ್ಗೆ ನೈಸ್ ರಸ್ತೆಯ ನೇರ ಓಟದಲ್ಲಿ ಆ ಕೆಲಸ ಮುಗಿಸುತ್ತೇನೆ.

ನೈಸ್ ರಸ್ತೆಯ ಇನ್ನೊಂದು ಋಣವೂ ಇದೆ. 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಬಿಎಸ್6 ನಿಯಮ ಬಂತಲ್ಲ, ಅದಕ್ಕಾಗಿ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಡಿಪಿಎಫ್ ಅಂತಾರೆ. ಮಸಿ ತುಂಬಿದಾಗ ಗಾಡಿ ತಾನೇ ಒಂದಿಷ್ಟು ಹೆಚ್ಚಿಗೆ ಡೀಸೆಲ್ ಬಿಟ್ಟು, ಸುಮಾರು 600 ಡಿಗ್ರಿ ಶಾಖದಲ್ಲಿ ಅದನ್ನು ಸುಡಬೇಕು. ಅದಕ್ಕೆ ಒಂದೇ ಸಮನೆ, ಸ್ವಲ್ಪ ವೇಗದಲ್ಲಿ ಓಡಬೇಕು. ನನ್ನ ಆಫೀಸು ರೆಸಿಡೆನ್ಸಿ ರಸ್ತೆಯಲ್ಲಿ. ಏಳು ಕಿಲೋಮೀಟರಿಗೆ ಐವತ್ತು ನಿಮಿಷ. ಕಾರ್ಪೊರೇಷನ್ ಸರ್ಕಲ್ ಹತ್ತಿರ ಎರಡನೇ ಗೇರು ಹಾಕಿದರೆ ಅದೇ ಹಬ್ಬ. ಸುಡುವ ಕೆಲಸ ಶುರುವಾಗುವ ಹೊತ್ತಿಗೆ ಎಂಜಿನ್ ಆಫ್. ಮೂರನೇ ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಸರ್ವೀಸ್ ಹುಡುಗ ಹೇಳಿದ: “ಏನೂ ಇಲ್ಲ ಸಾರ್, ಸುಮ್ನೆ ಹೈವೇಲಿ ಒಂದು ರೌಂಡ್ ಹೊಡ್ಕೊಂಡ್ ಬನ್ನಿ.” ಟೋಲ್ ಕಟ್ಟಿ ಮಸಿ ಸುಡಲು ಹೋಗುವ ಕಾಲ! ಆದರೆ ಅವನ ಮಾತು ಸರಿ. ದೀಪವನ್ನು ಕಡೆಗಣಿಸಿದರೆ ಖರ್ಚು ದೊಡ್ಡದು. ಸುಡುವುದು ಅರ್ಧಕ್ಕೇ ನಿಲ್ಲುತ್ತಾ ಹೋದರೆ ಉರಿಯದ ಡೀಸೆಲ್ ಎಂಜಿನ್ ಆಯಿಲಿಗೂ ಇಳಿಯುತ್ತದೆ. ನನಗೆ ಒಂದು ಸಲ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರಿತ್ತು. ನಗರದೊಳಗೆ ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರು ಡೀಸೆಲ್ ದೊಡ್ಡ ಗಾಡಿ ತಗೊಳ್ಳುವ ಮುಂಚೆ ಈ ಒಂದು ವಿಷಯವನ್ನಾದರೂ ಯೋಚಿಸಿ.

ತೆರಿಗೆ ಬಗ್ಗೆ ಜಾಸ್ತಿ ಹೇಳಲ್ಲ, ಹೊಟ್ಟೆ ಉರಿಯುತ್ತದೆ. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. ಊರೊಳಗೆ ಲೀಟರಿಗೆ ಎಂಟು ಕಿಲೋಮೀಟರ್ ಕೊಟ್ಟರೆ ಅವತ್ತು ಟ್ರಾಫಿಕ್ ಇರಲಿಲ್ಲ ಅಂತ ಅರ್ಥ. 80 ಲೀಟರ್ ಟ್ಯಾಂಕು ತುಂಬಿಸಿದರೆ ಏಳು ಸಾವಿರ ಖಾಲಿ. ಹೋದ ವರ್ಷ ನಾಲ್ಕು ಟೈರಿಗೆ 64 ಸಾವಿರ ಕೊಟ್ಟೆ. ಎರಡೇ ಬದಲಾಯಿಸೋಣ ಅಂದರೆ, ಫೋರ್ ವೀಲ್‌ನಲ್ಲಿ ಸವೆದ ಟೈರೂ ಹೊಸ ಟೈರೂ ಒಟ್ಟಿಗೆ ಓಡಬಾರದು.

ಪಾರ್ಕಿಂಗ್ ಕಥೆ ಕೇಳಿ. ಆಫೀಸಿನ ನೆಲಮಾಳಿಗೆಯಲ್ಲಿ ಕಾರಿನ ಮೇಲೆ ಕಾರು ಎತ್ತಿಡುವ ಲಿಫ್ಟ್ ಪಾರ್ಕಿಂಗ್. ಅದರ ಮಿತಿ 2,000 ಕೆಜಿ. ಸೆಕ್ಯೂರಿಟಿಯವರು ಮೊದಲ ದಿನವೇ ಕೈ ಅಡ್ಡ ಹಿಡಿದರು. ಮಾಮೂಲಿ ಜಾಗ ಕೊಟ್ಟರೂ ಸುಖವಿಲ್ಲ. ಜಾಗದ ಅಗಲ ಎರಡೂವರೆ ಮೀಟರ್, ಗಾಡಿಯದು 1.85. ಪಕ್ಕದಲ್ಲಿ ಕಂಬ ಇದ್ದರೆ ಹೊಟ್ಟೆ ಎಳೆದುಕೊಂಡು ಇಳಿಯಬೇಕು. ಯು-ಟರ್ನಿನ ಲೆಕ್ಕವೂ ಹಾಗೇ. ನನ್ನ ಗಾಡಿ ಒಂದೇ ಸಲಕ್ಕೆ ತಿರುಗಲು 11.6 ಮೀಟರ್ ಬೇಕು, ಅಂದರೆ 38 ಅಡಿ. ನಮ್ಮದು ಮೂವತ್ತಡಿ ರಸ್ತೆ. ಅದರಲ್ಲೂ ಎರಡೂ ಕಡೆ ಕಾರು ನಿಂತಿರುತ್ತವೆ. ಹಿಂದೆ, ಮುಂದೆ, ಮತ್ತೆ ಹಿಂದೆ. ಅಷ್ಟರಲ್ಲಿ ಹಿಂದಿನ ಆಟೋದವನು ಹಾರ್ನಿನಲ್ಲೇ ನನ್ನ ವಂಶಾವಳಿ ಓದಿ ಮುಗಿಸಿರುತ್ತಾನೆ. ಅವನ ಗಾಡಿಗೆ ತಾಗಿದರಂತೂ ಮುಗಿಯಿತು. ಯಾರು ಗುದ್ದಿದರೂ ತಪ್ಪು ದೊಡ್ಡ ಗಾಡಿಯದೇ.

ನಗದೆ ಹೇಳಬೇಕಾದ ಮಾತೂ ಇದೆ. ಎದುರು ಮನೆಯ ಪುಟ್ಟಿ ರಸ್ತೆಯಲ್ಲಿ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಚೌಕ ಬರೆಯುತ್ತಾ ಕೂತಿದ್ದಳು. ನಾನು ಗಾಡಿ ಸ್ಟಾರ್ಟ್ ಮಾಡಿದೆ. ಅವಳ ಅಜ್ಜಿ ಕೂಗದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಬಾನೆಟ್ಟು ನನ್ನ ಎದೆಮಟ್ಟಕ್ಕಿದೆ. ಆ ಸಂಜೆ ಬಂಪರ್ ಮುಂದೆ ಬಕೆಟ್ ಇಟ್ಟು, ಹೆಂಡತಿಯ ಕೈಲಿ ಸ್ವಲ್ಪ ಸ್ವಲ್ಪವೇ ದೂರ ಸರಿಸಿಸಿದೆ. ಡ್ರೈವರ್ ಸೀಟಿನಿಂದ ಬಕೆಟ್ ಕಾಣಿಸಿದ್ದು 9 ಅಡಿ ದಾಟಿದ ಮೇಲೆ. ಹಿಂದಕ್ಕೆ ಕ್ಯಾಮೆರಾ ಇದೆ, ಮುಂದಕ್ಕೆ ಇಲ್ಲ. ಅವತ್ತಿನಿಂದ ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕದೆ ಬಾಗಿಲು ತೆಗೆಯುವುದಿಲ್ಲ. ಅಡಿಯಲ್ಲಿ ಮಲಗುವ ಬೀದಿನಾಯಿಯೂ ಇದಕ್ಕೆ ಒಗ್ಗಿಹೋಗಿದೆ, ನನ್ನ ಚಪ್ಪಲಿ ಸದ್ದಿಗೇ ಎದ್ದು ಹೋಗುತ್ತದೆ.

ನೀರಿನ ವಿಷಯದಲ್ಲೂ ನನಗೆ ಸೊಕ್ಕಿತ್ತು. 700 ಮಿಲಿಮೀಟರ್ ನೀರು ದಾಟುತ್ತದೆ ಅಂತ ಪುಸ್ತಕದಲ್ಲಿದೆಯಲ್ಲ! ಒಂದು ಮಳೆಯ ರಾತ್ರಿ ಮೊಣಕಾಲುದ್ದದ ನೀರಿನಲ್ಲಿ ಜೋರಾಗಿ ನುಗ್ಗಿಸಿದೆ. ನಾನು ದಾಟಿದೆ, ನನ್ನ ಹಿಂದೆದ್ದ ಅಲೆ ಪಕ್ಕದ ದಿನಸಿ ಅಂಗಡಿಯ ಒಳಗೆ ಹೋಯಿತು. ಅಂಗಡಿಯವರು ಕೈಯಲ್ಲಿ ಪೊರಕೆ ಹಿಡಿದು ಬೈದದ್ದು ಈಗಲೂ ಕಿವಿಯಲ್ಲಿದೆ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳು ತೀರಿಕೊಂಡಳು. ಆಮೇಲೆ ನಿಂತ ನೀರು ಕಂಡರೆ ನಾನೂ ಹಿಂದಕ್ಕೇ ತಿರುಗಿಸುತ್ತೇನೆ. ಎಷ್ಟು ಹಿಂದೆ-ಮುಂದೆ ಆದರೂ ಸರಿ.

ಈಗ ಆಫೀಸಿಗೆ ಮೆಟ್ರೋ. ನ್ಯಾಷನಲ್ ಕಾಲೇಜಿನಿಂದ ಮೆಜೆಸ್ಟಿಕ್, ಅಲ್ಲಿಂದ ಎಂ.ಜಿ. ರೋಡ್. ಗಾಂಧಿ ಬಜಾರಿಗೆ ನಡೆದೇ ಹೋಗುತ್ತೇನೆ. ಚಿಕ್ಕಪೇಟೆ ಕಡೆಗಂತೂ ಗಾಡಿ ತೆಗೆಯುವ ಮಾತೇ ಇಲ್ಲ. ಕಡಲೆಕಾಯಿ ಪರಿಷೆ ಸಮಯದಲ್ಲಿ ಅದು ಮನೆಬಿಟ್ಟು ಕದಲುವುದಿಲ್ಲ. ನಿಂತೂ ನಿಂತೂ ಒಮ್ಮೆ ಬ್ಯಾಟರಿ ಕುಳಿತಿತ್ತು. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವಾಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ದಂಡ ಅಂತ ಜಲಮಂಡಳಿ ಹೇಳಿದಾಗ ಒದ್ದೆ ಬಟ್ಟೆಯಲ್ಲಿ ಒರೆಸಲು ಕಲಿತೆ. ಇಷ್ಟು ಮೈ ಒರೆಸಲು ಮುಕ್ಕಾಲು ಗಂಟೆ.

ಮಾರಬಾರದೇ ಅಂತ ಎಲ್ಲರೂ ಕೇಳುತ್ತಾರೆ. ಹೆಂಡತಿಯೂ ಕೇಳುತ್ತಾಳೆ. ಶಿರಾಡಿ ಘಾಟಿಯಲ್ಲಿ ಮಳೆ ಸುರಿಯುವಾಗ ಇದರೊಳಗೆ ಕೂತವರಿಗೆ ಉತ್ತರ ಗೊತ್ತು. ಆ ಸುಖ ವರ್ಷಕ್ಕೆ ಹತ್ತು ದಿನ, ಅಷ್ಟೆ. ಸಾಲ ಇನ್ನೂ ತೀರಿಲ್ಲ ಅನ್ನುವುದೂ ಒಂದು ಕಾರಣ ಅನ್ನಿ.

ಮೊನ್ನೆ ಮತ್ತೆ ಹಳದಿ ದೀಪ ಹತ್ತಿತು. ಭಾನುವಾರ ಆರು ಗಂಟೆಗೆ ಮಸಿ ಸುಡಲು ಹೊರಡುತ್ತೇನೆ ಅಂದೆ. ಅಮ್ಮ ಅಡುಗೆಮನೆಯಿಂದಲೇ, “ಹೇಗೂ ಸುಮ್ನೆ ಓಡಿಸ್ತೀಯ, ಬಿಡದೀಲಿ ತಟ್ಟೆ ಇಡ್ಲಿ ತಿಂದು ಬರೋಣ ಕಣೋ” ಅಂದರು. ಎಕ್ಸ್‌ಪ್ರೆಸ್‌ವೇ ಹಿಡಿದರೆ ಬಿಡದಿ ತಪ್ಪಿಹೋಗುತ್ತದೆ, ಹಳೇ ರಸ್ತೆಗೆ ಇಳಿಯುವುದನ್ನು ನೆನಪಿಡಬೇಕು. ಅವರ ಮಂಡಿನೋವಿಗೆ ಈ ಎತ್ತರ ಹತ್ತುವುದು ಆಗುವುದಿಲ್ಲ. ಪೂಜೆಗೆ ಕೂರುವ ಮರದ ಮಣೆ ಮೇಲೆ ಇನ್ನೊಂದು ಮಣೆ ಇಟ್ಟು, ತೋಳು ಹಿಡಿದು ಹತ್ತಿಸಬೇಕು. ಎರಡೂ ಮಣೆಯನ್ನು ರಾತ್ರಿಯೇ ಡಿಕ್ಕಿಯಲ್ಲಿ ಹಾಕಿಟ್ಟಿದ್ದೇನೆ. ಬಿಡದಿಯಲ್ಲಿ ಇಳಿಯಬೇಕಲ್ಲ.